ಬೆಂಗಳೂರಿನಲ್ಲಿ ಕೂತು ಅಮೆರಿಕದ ಐಆರ್‌ಎಗೆ ದುಡ್ಡು ಕಟ್ಟುವುದು ಹೇಗೆ?

ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಊರಿಗೆ ಮರಳಿದವರು ಇಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅಲ್ಲಿನ ಐಆರ್‌ಎ ನಿವೃತ್ತಿ ಖಾತೆಗೆ ಹಳೇ ಅಭ್ಯಾಸದಂತೆ ದುಡ್ಡು ಹಾಕುತ್ತಾ ಹೋಗುತ್ತಾರೆ. ಹಾಕಬಾರದೆಂದೇನಿಲ್ಲ. ಆದರೆ ನನ್ನ ಸೋದರಮಾವನ ಮಗ ನಿಯಮ ನೋಡದೆ ಹಾಗೆ ಹಾಕಿ ದಂಡ ತೆತ್ತ. ಆಮೇಲೆ ಇನ್ನೂ ಮೂರ್ನಾಲ್ಕು ಜನರ ಕಾಗದಪತ್ರ ನೋಡಿದೆ, ಎಲ್ಲರೂ ಅದೇ ಗುಂಡಿಗೆ ಬಿದ್ದವರು.

ಹೆಜ್ಜೆ 1: ದುಡಿದ ಆದಾಯವಿರಬೇಕು. ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಲೆಕ್ಕಕ್ಕಿಲ್ಲ.

ಹೆಜ್ಜೆ 2: ಗುಂಡಿ ಇರುವುದು ಇಲ್ಲಿ. ಕಳೆದ ವರ್ಷದ ಅಮೆರಿಕನ್ ರಿಟರ್ನ್ ತೆಗೆದು ಶೆಡ್ಯೂಲ್ 1ರ 8ಡಿ ಸಾಲು ನೋಡಿ. ಅಲ್ಲಿ ದೊಡ್ಡ ಮೊತ್ತವಿದ್ದರೆ ನಿಮ್ಮ ಆಡಿಟರು 2555 ನಮೂನೆ ತುಂಬಿ, ವಿದೇಶಿ ಸಂಬಳವನ್ನು ತೆರಿಗೆಯಿಂದ ಹೊರಗಿಟ್ಟಿದ್ದಾರೆ ಎಂದರ್ಥ. 2025ಕ್ಕೆ ಈ ವಿನಾಯಿತಿ 1,30,000 ಡಾಲರ್‌ವರೆಗೆ. ಕೇಳಲು ಚೆನ್ನಾಗಿದೆ. ಆದರೆ ಹೊರಗಿಟ್ಟ ಸಂಬಳ ಐಆರ್‌ಎ ಲೆಕ್ಕದಲ್ಲಿ ಸಂಬಳವೇ ಅಲ್ಲ. ನಮ್ಮ ಹುಡುಗನ ಸಂಬಳ 60,000 ಡಾಲರ್, ಪೂರ್ತಿ ಹೊರಗೆ. ಉಳಿದದ್ದು ಸೊನ್ನೆ, ಸೊನ್ನೆಯ ಮೇಲೆ 2024ರಲ್ಲಿ 7,000, 2025ರಲ್ಲಿ ಮತ್ತೆ 7,000 ಕಟ್ಟಿದ. ಹೆಚ್ಚುವರಿ ಹಣ ಖಾತೆಯಲ್ಲಿ ಇರುವಷ್ಟು ವರ್ಷವೂ ಶೇ 6 ದಂಡ: ಮೊದಲ ವರ್ಷ 420, ಎರಡನೇ ವರ್ಷ 840. ‘ಸ್ವಲ್ಪ ಮಾತ್ರ ಹೊರಗಿಡುತ್ತೇನೆ’ ಎನ್ನುವ ಜಾಣತನವೂ ನಡೆಯದು. ವಿನಾಯಿತಿ ಆರಿಸಿಕೊಂಡರೆ ಮಿತಿಯವರೆಗೆ ಪೂರ್ತಿ ಹೊರಗಿಡಲೇಬೇಕು.

ನನ್ನ ಮಾತು ಕೇಳಿ, 2555 ಬಿಟ್ಟು 1116 ಹಿಡಿಯಿರಿ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಿಂದ ಕಳೆಯುವ ನಮೂನೆ ಅದು. ಇಲ್ಲಿ ಶೇ 30ರ ಸ್ಲ್ಯಾಬಿನಲ್ಲಿ ಚೆನ್ನಾಗಿ ತೆರಿಗೆ ಕಟ್ಟುವವರಿಗೆ ಸಂಬಳದ ಮೇಲೆ ಅಲ್ಲಿ ಕಟ್ಟಲು ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಮಿಕ್ಕ ಕ್ರೆಡಿಟ್ 10 ವರ್ಷ ಮುಂದಕ್ಕೆ ಹೋಗುತ್ತದೆ, ಸಂಬಳವೂ ಸಂಬಳವಾಗಿಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಒಮ್ಮೆ 2555 ಕೈಬಿಟ್ಟರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿಗೆಯಿಲ್ಲದೆ 5 ವರ್ಷ ಅದಕ್ಕೆ ಮರಳುವಂತಿಲ್ಲ. ಸಂಬಳಕ್ಕೆ ತೆರಿಗೆಯೇ ಇಲ್ಲದ, ಹಾಗಾಗಿ ಕ್ರೆಡಿಟ್ಟೂ ಸಿಗದ ದುಬೈಗೆ ಹೊರಡುವ ಯೋಚನೆಯಿದ್ದರೆ ಇದನ್ನು ಮೊದಲೇ ಲೆಕ್ಕ ಹಾಕಿ.

ಈಗಾಗಲೇ ತಪ್ಪು ಕಟ್ಟಿದ್ದರೆ ಆ ವರ್ಷದ ರಿಟರ್ನ್ ಗಡುವಿನೊಳಗೆ, ಗಳಿಕೆ ಸಮೇತ, ಹಣ ವಾಪಸ್ ತೆಗೆಯಿರಿ. ದಂಡ ತಪ್ಪುತ್ತದೆ.

ಹೆಜ್ಜೆ 3: ಐಆರ್‌ಎಯಲ್ಲಿ ಎರಡು ಬಗೆ, ರಾತ್ (ತೆರಿಗೆ ಕಟ್ಟಿದ ಹಣ ಹಾಕಿ, ನಿವೃತ್ತಿಯಲ್ಲಿ ತೆರಿಗೆಯಿಲ್ಲದೆ ತೆಗೆಯುವುದು) ಅಥವಾ ಸಾಂಪ್ರದಾಯಿಕ (ತೆಗೆಯುವಾಗ ತೆರಿಗೆ ಕಟ್ಟುವುದು). ಸಂಗಾತಿ ಭಾರತೀಯ ಪ್ರಜೆಯಾಗಿದ್ದು, ನೀವು ‘ವಿವಾಹಿತ, ಪ್ರತ್ಯೇಕ’ ಎಂದು ರಿಟರ್ನ್ ಹಾಕುವವರಾದರೆ, ಒಂದೇ ಮನೆಯಲ್ಲಿದ್ದಷ್ಟಕ್ಕೇ 10,000 ಡಾಲರ್ ಆದಾಯಕ್ಕೆ ರಾತ್ ಬಾಗಿಲು ಮುಚ್ಚುತ್ತದೆ. ಸಾಂಪ್ರದಾಯಿಕದಲ್ಲೇ ಕಟ್ಟಿ.

ಹೆಜ್ಜೆ 4: ಒಂದು ವರ್ಷದ ಕಂತನ್ನು ಮರುವರ್ಷದ ಏಪ್ರಿಲ್ 15ರೊಳಗೆ ಕಟ್ಟಿ. ವಿದೇಶದಲ್ಲಿರುವವರಿಗೆ ಜೂನ್ 15ರವರೆಗೆ ಸಮಯ ಸಿಗುವುದು ರಿಟರ್ನ್‌ಗೆ, ಈ ಕಂತಿಗಲ್ಲ.

ಭಾರತದ ವಿಳಾಸ ಮುಚ್ಚಿಟ್ಟು, ನ್ಯೂಜೆರ್ಸಿಯ ಅಕ್ಕನ ಮನೆ ವಿಳಾಸ ಕೊಟ್ಟು ಖಾತೆ ನಡೆಸುವ ಅಡ್ಡದಾರಿ ಬೇಡ, ಗೊತ್ತಾದ ದಿನ ಖಾತೆಗೆ ಬೀಗ ಬೀಳಬಹುದು. ಐಆರ್‌ಎ ರಗಳೆಯೇ ಬೇಡವೆಂದು ಇಲ್ಲಿನ ಮ್ಯೂಚುವಲ್ ಫಂಡ್ ಕೊಳ್ಳುವುದು ಇನ್ನೂ ಕೆಟ್ಟದ್ದು. ಅಮೆರಿಕದ ಕಣ್ಣಿಗೆ ಅವು ಪಿಎಫ್‌ಐಸಿ (ಬಿಗಿ ತೆರಿಗೆ ನಿಯಮವಿರುವ ವಿದೇಶಿ ಹೂಡಿಕೆ ಕಂಪನಿ), ಒಂದೊಂದು ಫಂಡಿಗೂ ಒಂದೊಂದು 8621 ನಮೂನೆ.

ಹೆಜ್ಜೆ 5: ಭಾರತದ ಕಡೆ. ಖಾತೆಯೊಳಗಿನ ಗಳಿಕೆಗೆ ಪ್ರತಿ ವರ್ಷ ಇಲ್ಲಿ ತೆರಿಗೆ ಬೀಳದಂತೆ, ಹಣ ತೆಗೆಯುವಾಗ ಕಟ್ಟುವ ಅವಕಾಶವನ್ನು 1961ರ ಆದಾಯ ತೆರಿಗೆ ಕಾಯ್ದೆಯ 89ಎ ಸೆಕ್ಷನ್ ಕೊಟ್ಟಿತು. ಅದಕ್ಕೆ ರಿಟರ್ನ್ ಗಡುವಿನೊಳಗೆ 10-ಇಇ ನಮೂನೆ ಹಾಕಬೇಕಿತ್ತು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ಸಂಖ್ಯೆ ಬದಲಾಗಿದೆ, ಆಡಿಟರನ್ನು ಕೇಳಿ. ಈ ಸೌಲಭ್ಯ ಅಲ್ಲಿ ವಾಸವಿದ್ದಾಗ ತೆರೆದ ಖಾತೆಗೆ ಮಾತ್ರ. ಊರಿಗೆ ಬಂದ ಮೇಲೆ ಹೊಸ ಐಆರ್‌ಎ ತೆರೆಯುವ ಬದಲು ಹಳೆಯದಕ್ಕೇ ಕಟ್ಟಿ.