ಬೋರ್‌ಗೆ ಇಳಿದ ಬಗ್ಗಡ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಬೋರ್‌ಗೆ ಮಳೆನೀರು ಇಂಗಿಸಬೇಕೆಂದು ಕೇಸಿಂಗ್ ಪೈಪಿನ ಸುತ್ತ ಹತ್ತಡಿ ಆಳದ ಗುಂಡಿ ತೆಗೆಸಿದೆ. ಪೈಪಿಗೆ ತೂತು ಕೊರೆಸಿ, ಜಾಲರಿ ಸುತ್ತಿ, ಕಲ್ಲು, ಜಲ್ಲಿ, ಮರಳು ತುಂಬಿಸಿದ್ದಾಯಿತು. ತೋಟದ ಹರಿನೀರೆಲ್ಲ ಅಲ್ಲಿಗೇ ಬರಲೆಂದು ಕಾಲುವೆಯನ್ನೂ ತಿರುಗಿಸಿದೆ. ತಪ್ಪಾಗಿದ್ದು ಅಲ್ಲೇ.

ಜೋರು ಮಳೆಯ ಮಾರನೇ ದಿನ ಮೋಟಾರ್ ಹಾಕಿದರೆ ಕೆಂಪು ಬಗ್ಗಡ ನೀರು. "ಎಲ್ಡು ದಿನ ಓಡ್ಸಣ್ಣ, ತಿಳಿಯಾಗ್ತತಿ" ಅಂದರು ಪಕ್ಕದ ತೋಟದವರು. ನಾಲ್ಕು ದಿನವಾದರೂ ಆಗಲಿಲ್ಲ. ಎರಡು ಗಾಜಿನ ಲೋಟಕ್ಕೆ ಅದೇ ನೀರು ಹಿಡಿದು, ಒಂದಕ್ಕೆ ಚಿಟಿಕೆ ಪಟಿಕ ಕದಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಟಿಕ ಹಾಕಿದ್ದರ ತಳದಲ್ಲಿ ಹತ್ತಿಯಂಥ ಕೆಂಪು ಗಷ್ಟು, ಮೇಲೆ ತಿಳಿನೀರು. ಇನ್ನೊಂದು ಹಾಗೇ ಮಬ್ಬಾಗಿತ್ತು.

ತೇಲುತ್ತಿದ್ದುದು ಜೇಡಿಮಣ್ಣು. ಅದರ ಕಣಗಳು 2 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ, ಸಣ್ಣವು. ಅವುಗಳ ಮೈಮೇಲೆ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತ ತೇಲುತ್ತವೆ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಕೂಡಿಕೊಂಡು ತಳ ಸೇರುವುದೂ ಇಲ್ಲ. ಆದರೆ ತಾಮ್ರದಂಥ ಧನ ಅಯಾನುಗಳನ್ನು (ಧನ ವಿದ್ಯುದಂಶವಿರುವ ಕಣಗಳನ್ನು) ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೊಳೆರೋಗಕ್ಕೆಂದು ವರ್ಷವರ್ಷ ಬೋರ್ಡೋ ದ್ರಾವಣ ಹೊಡೆಯುವ ನನಗೆ ಅದರಲ್ಲಿರುವ ಮೈಲುತುತ್ತದ, ಅಂದರೆ ತಾಮ್ರದ ಲವಣದ, ನೆನಪಾಗಿ ಎದೆ ಧಸಕ್ಕೆಂದಿತು. ತಾಮ್ರ ಮೇಲ್ಮಣ್ಣಲ್ಲೇ ಉಳಿಯುತ್ತದೆ, ಕೆಳಗಿಳಿಯದು ಎಂದು ನಂಬಿದ್ದೆ. ಮಣ್ಣೇ ಇಳಿದರೆ?

ನೀರನ್ನು ಸೋಸದೆ ಒಂದು, ಸೋಸಿ ಒಂದು ಪರೀಕ್ಷೆಗೆ ಕೊಟ್ಟೆ. ಸೋಸದ್ದರಲ್ಲೇ ತಾಮ್ರ ಹೆಚ್ಚು. ಅಂದರೆ ಬಹುಪಾಲು ಕರಗಿರಲಿಲ್ಲ, ಕಣದ ಬೆನ್ನೇರಿ ಬಂದಿತ್ತು. ಅಮೆರಿಕದ ನೆವಾಡದಲ್ಲಿ ಅಣುಪರೀಕ್ಷೆಯ ಪ್ಲುಟೋನಿಯಂ ಹೀಗೇ ಸೂಕ್ಷ್ಮ ಕಣಗಳಿಗಂಟಿ ಅಂತರ್ಜಲದಲ್ಲಿ 1.3 ಕಿ.ಮೀ. ಸಾಗಿದ್ದು 1999ರಲ್ಲಿ ವರದಿಯಾಗಿತ್ತು. ನಮ್ಮ ಕಡೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ; ಮರಳಿನ ಪದರದಂತೆ ಸೋಸುವ ಗುಣ ಅವಕ್ಕಿಲ್ಲ. ನಾನು ತುಂಬಿಸಿದ ಮರಳೂ ಇಷ್ಟು ನುಣುಪನ್ನು ತಡೆಯಲಿಲ್ಲ.

ತೋಟದ ಕಾಲುವೆ ಮುಚ್ಚಿಸಿದೆ. ಈಗ ಗುಂಡಿಗೆ ಬರುವುದು ಮನೆ ಮತ್ತು ಗೋದಾಮಿನ ಚಾವಣಿ ನೀರು ಮಾತ್ರ, ಅದೂ ಮೊದಲೆರಡು ಮಳೆಯದನ್ನು ಹೊರಗೆ ಬಿಟ್ಟ ಮೇಲೆ. ಇಂಗು ಗುಂಡಿ ಮಾಡುವವರಿಗೆ ಕೈಮುಗಿದು ಹೇಳುತ್ತೇನೆ, ಔಷಧಿ ಹೊಡೆದ ನೆಲದ ನೀರನ್ನು ನೇರ ಬೋರ್‌ಗೆ ಬಿಡಬೇಡಿ. ತೋಟದ ನೀರು ಬದುವಿನೊಳಗೇ ನಿಂತು ನಿಧಾನ ಇಂಗಲಿ. ಅಡಿಕೆ ಸಾಲುಗಳ ನಡುವೆ ಹುಲ್ಲು ಕೀಳಿಸುವುದನ್ನೂ ನಿಲ್ಲಿಸಿದ್ದೇನೆ, ಮಣ್ಣು ಅಲ್ಲೇ ಹಿಡಿದು ನಿಲ್ಲಲೆಂದು.

ಪ್ರತಿ ದೊಡ್ಡ ಮಳೆಯ ಮಾರನೇ ದಿನ ಆ ಲೋಟ ತುಂಬಿಸಿ ಕಿಟಕಿಯ ಬೆಳಕಿಗಿಡುತ್ತೇನೆ.