ಪೇಸ್ಟಿಂಗ್ ಮೆಷಿನ್‌ಗೆ ಪೇಟೆಂಟ್: ಪರೀಕ್ಷೆ ದಾಟಿಸುವುದು ಹೇಗೆ?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಶೆಡ್‌ಗಳಲ್ಲಿ, ಮಂಡ್ಯದ ತೂಬಿನಕೆರೆಯಲ್ಲಿ, ಗ್ರಾಹಕ ಬಾಯಲ್ಲಿ ಹೇಳಿದ್ದನ್ನು ಕಬ್ಬಿಣದಲ್ಲಿ ಕಟ್ಟಿಕೊಡುವವರಿದ್ದಾರೆ. ಅದೇ ಮೆಷಿನ್ ಪೇಟೆಂಟ್ ಅರ್ಜಿಯಾಗಿ ಹೋದಾಗ ಮಾತ್ರ ‘ಇದರಲ್ಲಿ ಹೊಸದೇನಿದೆ?’ ಎಂಬ ಒಂದು ಸಾಲಿನ ಆಕ್ಷೇಪಕ್ಕೆ ಸಿಕ್ಕಿ ಒದ್ದಾಡುತ್ತದೆ. ಹೊಸದು ಇರುತ್ತದೆ. ಅರ್ಜಿಯಲ್ಲಿ ಬರೆದಿರುವುದಿಲ್ಲ, ಅಷ್ಟೆ. ಅರ್ಜಿ ಸಲ್ಲಿಸಿದ ದಿನ ಬರೆಯದೆ ಬಿಟ್ಟದ್ದನ್ನು ಆಮೇಲೆ ಸೇರಿಸಲು ಕಾನೂನು ಬಿಡುವುದೂ ಇಲ್ಲ. ಹಾಗಾಗಿ ಪೇಟೆಂಟ್ ಪರೀಕ್ಷೆಯ ತಯಾರಿ ಚೆನ್ನೈನ ಪೇಟೆಂಟ್ ಕಚೇರಿಯಿಂದ ಪತ್ರ ಬಂದ ಮೇಲೆ ಅಲ್ಲ, ಶೆಡ್‌ನ ತಕ್ಕಡಿಯ ಮುಂದೆ ಶುರುವಾಗಬೇಕು.

ಉದಾಹರಣೆಗೆ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟ್‌ಗೆ ಪೇಸ್ಟ್ ಮೆತ್ತುವ ಸ್ವಯಂಚಾಲಿತ ಯಂತ್ರವನ್ನೇ ತೆಗೆದುಕೊಳ್ಳೋಣ.

ಮೊದಲು ತೊಂದರೆಯನ್ನು ಅಳೆಯಿರಿ

ಸೀಸದ ಆಕ್ಸೈಡ್ ಪುಡಿ, ನೀರು, ಸಲ್ಫ್ಯೂರಿಕ್ ಆಮ್ಲ, ಚೂರು ನಾರು. ಇವುಗಳನ್ನು ಕಲಸಿದರೆ ಪೇಸ್ಟ್. ಹದ ದೋಸೆ ಹಿಟ್ಟಿನದಲ್ಲ, ಗೋಡೆಗೆ ಮೆತ್ತುವ ಗಾರೆಯದು. ತೂಕ ಮಾತ್ರ ಗಾರೆಯ ಸುಮಾರು ಎರಡರಷ್ಟು, ಒಂದು ಸಿಸಿಗೆ 4 ಗ್ರಾಂ ದಾಟುತ್ತದೆ. ಹಾಪರ್‌ಗೆ, ಅಂದರೆ ಮೇಲಿನ ತೊಟ್ಟಿಗೆ, ಬಿದ್ದ ಪೇಸ್ಟನ್ನು ಪ್ಯಾಡಲ್‌ಗಳು ಕೆಳಕ್ಕೆ ಒತ್ತುತ್ತವೆ, ಬೆಲ್ಟ್ ಮೇಲೆ ಸಾಗುವ ಸೀಸದ ಜಾಲರಿಯಾದ ಗ್ರಿಡ್‌ನ ಕಣ್ಣುಗಳಿಗೆ ಅದು ತುಂಬಿಕೊಳ್ಳುತ್ತದೆ, ರೋಲರ್ ಮೇಲ್ಮೈ ಸವರುತ್ತದೆ. ಪ್ಲೇಟ್ ಫ್ಲ್ಯಾಶ್ ಡ್ರೈಯರ್ ದಾಟಿ, ಮೇಲ್ಮೈ ಆರಿದ ಮೇಲೆ ಒಂದರ ಮೇಲೊಂದು ಕೂತು ಕ್ಯೂರಿಂಗ್ ಕೋಣೆಗೆ ಹೋಗುತ್ತದೆ.

ಕೆಡುವುದು ಹಾಪರ್‌ನಲ್ಲಿ. ಪೇಸ್ಟ್ ಅಲ್ಲಿ ಕೂತಷ್ಟು ಹೊತ್ತೂ ನೀರು ಆರುತ್ತದೆ, ಹದ ಬಿಗಿಯುತ್ತದೆ. ಬಿಗಿದ ಪೇಸ್ಟ್ ಗ್ರಿಡ್‌ನ ಕೆಳಮುಖದವರೆಗೆ ತಲುಪುವುದಿಲ್ಲ. ಮೇಲಿಂದ ನೋಡಿದರೆ ಪ್ಲೇಟ್ ತುಂಬಿದಂತೆಯೇ ಕಾಣುತ್ತದೆ, ತಿರುಗಿಸಿದರೆ ತಂತಿಗಳು ಹಲ್ಲು ಕಿರಿಯುತ್ತವೆ. ಇನ್ನು ನೀರು ಹೆಚ್ಚಾದರೆ ಪೇಸ್ಟ್ ಬೆಲ್ಟ್‌ಗೆ ಅಂಟುತ್ತದೆ, ಡ್ರೈಯರ್ ದಾಟಿದ ಮೇಲೂ ಪ್ಲೇಟ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಂಚಿನಲ್ಲಿ ಉಬ್ಬಿದ ಪೇಸ್ಟ್ ಮುಂದೆ ಪ್ಲೇಟ್‌ಗಳ ನಡುವಿನ ಸೆಪರೇಟರ್ ಚುಚ್ಚಿ ಸೆಲ್ ಶಾರ್ಟ್ ಆಗುವುದೂ ಉಂಟು.

ಇದನ್ನು ಲೆಕ್ಕಕ್ಕೆ ಇಳಿಸಿ. ಪ್ಲೇಟ್ 140 ಮಿಲಿಮೀಟರ್ ಎತ್ತರ, 120 ಅಗಲ, 2 ದಪ್ಪ ಎಂದುಕೊಳ್ಳಿ. ಒಟ್ಟು ಗಾತ್ರ 33.6 ಸಿಸಿ. 45 ಗ್ರಾಂ ತೂಗುವ ಗ್ರಿಡ್ ಸುಮಾರು 4 ಸಿಸಿ ತಿನ್ನುತ್ತದೆ. ಉಳಿದ 29.6 ಸಿಸಿಗೆ, ಸಿಸಿಗೆ 4.2 ಗ್ರಾಂನಂತೆ, 124 ಗ್ರಾಂ ಹಸಿ ಪೇಸ್ಟ್. ದಪ್ಪ ಕೇವಲ 0.1 ಮಿಲಿಮೀಟರ್ ಏರಿದರೆ 1.68 ಸಿಸಿ, ಅಂದರೆ 7 ಗ್ರಾಂ ಜಾಸ್ತಿ. ಹತ್ತಿರಹತ್ತಿರ ಶೇ 6. ಹತ್ತು ಸಾವಿರ ಪ್ಲೇಟ್‌ಗೆ 70 ಕಿಲೊ ಪೇಸ್ಟ್ ಪುಕ್ಕಟೆ ಹೋಯಿತು. ಈ ಲೆಕ್ಕ ನಿಮ್ಮ ಅರ್ಜಿಯೊಳಗೆ ಇರಬೇಕು. ಕಾನೂನು ಕೇಳುವ ‘ತಾಂತ್ರಿಕ ಮುನ್ನಡೆ’, ‘ಆರ್ಥಿಕ ಮಹತ್ವ’ ಎರಡಕ್ಕೂ ಇದೇ ಬುಡ.

ಪರಿಹಾರ ಹೀಗಿದೆ ಎನ್ನೋಣ: ಪ್ಯಾಡಲ್ ಶಾಫ್ಟ್‌ನ ಟಾರ್ಕ್ (ತಿರುಗಿಸಲು ಬೇಕಾದ ಬಲ) ಅಳೆದು ಪೇಸ್ಟ್ ಬಿಗಿಯುತ್ತಿರುವುದನ್ನು ಮೊದಲೇ ತಿಳಿಯುವುದು, ಸರ್ವೊ ಮೋಟರ್‌ನಿಂದ ರೋಲರ್ ಗ್ಯಾಪ್ ಸರಿಪಡಿಸುವುದು. ಟಾರ್ಕ್ ಏರಲು ಹಾಪರ್ ತುಂಬಿರುವುದೂ ಕಾರಣವಾಗಬಹುದು. ಆದ್ದರಿಂದ ಒಂದು ಲೆವೆಲ್ ಸೆನ್ಸರ್ ಇಟ್ಟು, ಮಟ್ಟದಿಂದ ಬಂದ ಪಾಲನ್ನು ಕಳೆದು, ಉಳಿದ ಟಾರ್ಕನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು. ಈ ಕೊನೆಯ ವಾಕ್ಯ ನೆನಪಿರಲಿ. ಮುಂದೆ ಪೇಟೆಂಟ್ ಉಳಿಸುವುದು ಇದೇ.

ಬಾಯಿ ಬಿಡುವ ಮುಂಚೆ ಅರ್ಜಿ

ವಾಟ್ಸ್‌ಆ್ಯಪ್ ಗುಂಪಿಗೆ ಮೆಷಿನ್ ಓಡುವ ವಿಡಿಯೊ ಹಾಕಬೇಡಿ, ಅರ್ಜಿಗೆ ಮೊದಲೇ ಬಹಿರಂಗವಾದದ್ದು ಹೊಸದೆನಿಸುವುದಿಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವ ಆಸೆಯಿದ್ದರೂ ಅರ್ಜಿ ಮೊದಲು. ಪ್ರದರ್ಶನದಲ್ಲಿ ತೋರಿಸಿದ್ದಕ್ಕೆ ಹನ್ನೆರಡು ತಿಂಗಳ ರಿಯಾಯಿತಿ ಇರುವುದು ನಿಜ, ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ಮೆಷಿನ್ ಮಾರಿ ಗ್ರಾಹಕರ ಲೈನ್‌ನಲ್ಲಿ ಕೂರಿಸಿದ ಮೇಲೆ ‘ಟ್ರಯಲ್ ಅಷ್ಟೇ ಮಾಡಿದ್ದು’ ಎಂದು ವಾದಿಸುವುದು ಕಷ್ಟ.

ಟ್ರಯಲ್ ಇನ್ನೂ ಮುಗಿದಿಲ್ಲವಾದರೆ ಪ್ರಾವಿಷನಲ್ ಸ್ಪೆಸಿಫಿಕೇಶನ್ (ಆವಿಷ್ಕಾರದ ತಾತ್ಕಾಲಿಕ ವಿವರಣೆ) ಹಾಕಿ ದಿನಾಂಕ ಹಿಡಿಯಿರಿ. ಸಂಪೂರ್ಣ ಸ್ಪೆಸಿಫಿಕೇಶನ್‌ಗೆ ಹನ್ನೆರಡು ತಿಂಗಳು ಸಿಗುತ್ತದೆ. ಆದರೆ ಪ್ರಾವಿಷನಲ್ ಎಂದು ಅರ್ಧ ಪುಟ ಗೀಚುವುದು ವ್ಯರ್ಥ: ಅದರಲ್ಲಿ ಇಲ್ಲದ ಸಂಗತಿಗೆ ಹಳೆಯ ದಿನಾಂಕ ಸಿಗುವುದಿಲ್ಲ. ಲೆವೆಲ್ ಸೆನ್ಸರ್ ಬಗ್ಗೆ ಒಂದು ಪ್ಯಾರಾ, ಒಂದು ಕೈಬರಹದ ಚಿತ್ರವಾದರೂ ಇರಲಿ.

ಅಷ್ಟರೊಳಗೆ ಹುಡುಕಾಟ. ಭಾರತದ ಅರ್ಜಿಗಳಿಗೆ ಪೇಟೆಂಟ್ ಕಚೇರಿಯ ಇನ್‌ಪಾಸ್, ಹೊರದೇಶದವಕ್ಕೆ ಪೇಟೆಂಟ್‌ಸ್ಕೋಪ್ ಮತ್ತು ಎಸ್ಪಾಸ್‌ನೆಟ್, ಎಲ್ಲವೂ ಉಚಿತ. ಬರೀ ಪದ ಹಾಕಿ ಹುಡುಕಿದರೆ ಟೂತ್‌ಪೇಸ್ಟೂ ಬರುತ್ತದೆ. ಅಂತರರಾಷ್ಟ್ರೀಯ ವರ್ಗೀಕರಣದ ಸಂಖ್ಯೆ ಹಿಡಿಯಿರಿ: ಪೇಸ್ಟ್ ತುಂಬಿದ ಎಲೆಕ್ಟ್ರೋಡ್ ತಯಾರಿಕೆ ಎಚ್01ಎಂ 4/20ರಲ್ಲಿದೆ, ಅದನ್ನು ಒಣಗಿಸುವುದು 4/21ರಲ್ಲಿ. ಪೇಸ್ಟ್ ತುಂಬಿದ ಪ್ಲೇಟ್ ಫ್ರಾನ್ಸ್‌ನ ಕಮೀಲ್ ಫೌರೆ ಕಾಲದಿಂದ, ಅಂದರೆ 1880ರ ದಶಕದಿಂದ ಇದೆ. ಹಾಗಾಗಿ ಅರ್ಜಿ ಪರೀಕ್ಷಿಸುವ ಎಕ್ಸಾಮಿನರ್‌ಗೆ ಹಳೆಯ ದಾಖಲೆ ಸಿಗುವುದಿಲ್ಲ ಎಂಬ ಭ್ರಮೆ ಬೇಡ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ.

ಕ್ಲೇಮ್ ಬರೆಯುವಾಗ

ಕ್ಲೇಮ್ ಎಂದರೆ ಸೈಟಿನ ಚೆಕ್ಕುಬಂದಿ ಇದ್ದ ಹಾಗೆ, ನಿಮ್ಮ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ಸಾಲು. ‘ಸೆನ್ಸರ್ ಮತ್ತು ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುವ ಪೇಸ್ಟಿಂಗ್ ಯಂತ್ರ’ ಎಂದು ಊರಗಲ ಬರೆದರೆ ಮೊದಲ ಸುತ್ತಿನಲ್ಲೇ ಬೀಳುತ್ತದೆ. ಮೊದಲ ಕ್ಲೇಮ್‌ನಲ್ಲಿ ಗೊತ್ತಿರುವ ಭಾಗಗಳನ್ನು ಮೊದಲು ಹೇಳಿ: ಹಾಪರ್, ಪ್ಯಾಡಲ್, ಬೆಲ್ಟ್, ರೋಲರ್. ಆಮೇಲೆ ‘ಇದರ ವೈಶಿಷ್ಟ್ಯವೆಂದರೆ’ ಎಂದು ಟಾರ್ಕ್, ಮಟ್ಟ, ಗ್ಯಾಪ್ ಮೂರರ ನಡುವಿನ ಸಂಬಂಧ ಬರಲಿ. ಒಳಗಿನದನ್ನು ಪದರ ಪದರವಾಗಿ ಮೊದಲ ಕ್ಲೇಮ್ ಮೇಲೆ ನಿಲ್ಲುವ ಅವಲಂಬಿತ ಕ್ಲೇಮ್‌ಗಳಲ್ಲಿ ಇಡಿ: ಲೆವೆಲ್ ಸೆನ್ಸರ್ ಎಲ್ಲಿ ಕೂರುತ್ತದೆ, ಎಷ್ಟು ಸೆಕೆಂಡಿಗೊಮ್ಮೆ ಅಳೆಯುತ್ತದೆ, ನೀರಿನ ಸಿಂಚನ ಯಾವಾಗ ಶುರುವಾಗುತ್ತದೆ. ಹತ್ತು ಕ್ಲೇಮ್, ಮೂವತ್ತು ಪುಟದವರೆಗೆ ಹೆಚ್ಚುವರಿ ಶುಲ್ಕವಿಲ್ಲ. ಚಿತ್ರದಲ್ಲಿ ಪ್ರತಿ ಭಾಗಕ್ಕೂ ಕೊಟ್ಟ ಸಂಖ್ಯೆಯೇ ಕ್ಲೇಮ್‌ನಲ್ಲೂ ಆವರಣದೊಳಗೆ ಬರಬೇಕು.

ಸ್ಪೆಸಿಫಿಕೇಶನ್‌ನಲ್ಲಿ ಹೋಲಿಕೆಯ ಕೋಷ್ಟಕ ಕಡ್ಡಾಯ ಎಂದು ಕಾನೂನು ಹೇಳಿಲ್ಲ. ಆದರೂ ಹಾಕಲೇಬೇಕೆಂಬುದು ನಮ್ಮ ಗಟ್ಟಿ ಸಲಹೆ. ಒಂದೇ ಪೇಸ್ಟ್, ಒಂದೇ ಗ್ರಿಡ್, ಎರಡು ಓಟ: ಒಂದರಲ್ಲಿ ಆಪರೇಟರ್ ಕೈಯಿಂದ ಸ್ಕ್ರೂ ತಿರುಗಿಸಿದ್ದು, ಇನ್ನೊಂದರಲ್ಲಿ ನಿಮ್ಮ ನಿಯಂತ್ರಣ. ಇಡೀ ಶಿಫ್ಟ್ ಪ್ರತಿ 50ನೇ ಪ್ಲೇಟ್ ತೂಗಿ ಬರೆದಿಡಿ. ಮೂರನೆಯ ಓಟವೂ ಇರಲಿ, ಲೆವೆಲ್ ಸೆನ್ಸರ್ ಆಫ್ ಮಾಡಿ. ಆ ಮೂರನೆಯ ಸಾಲನ್ನು ಮಾಡುವವರು ಕಡಿಮೆ. ಎಕ್ಸಾಮಿನರ್ ಕೇಳುವ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲೇ ಇರುತ್ತದೆ.

ಐಡಿಯಾ ಕೊಟ್ಟವರು ಫಿಟ್ಟರ್ ಆಗಿದ್ದರೆ ಇನ್ವೆಂಟರ್ ಕಾಲಂನಲ್ಲಿ ಫಿಟ್ಟರ್ ಹೆಸರೇ ಬರಬೇಕು, ಮಾಲೀಕರದ್ದಲ್ಲ. ಅವರಿಂದ ಹಕ್ಕು ಬರೆಸಿಕೊಂಡ ಪತ್ರವನ್ನು ಅರ್ಜಿ ಹಾಕಿದ ಆರು ತಿಂಗಳೊಳಗೆ ಕೊಡಬೇಕು. ಆ ಮನುಷ್ಯ ಕೆಲಸ ಬಿಟ್ಟು ಹೋದ ಮೇಲೆ ಸಹಿ ಹುಡುಕಿಕೊಂಡು ಅಲೆಯುವ ಪಾಡು ಬೇಡ.

ಫಾರ್ಮ್, ಶುಲ್ಕ, ಗಡುವು

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಸಲ್ಲಿಕೆ ಆನ್‌ಲೈನ್. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ ಫಾರ್ಮ್ 28 ಜೊತೆಗಿಟ್ಟರೆ ಅರ್ಜಿಗೆ ₹1,600 (ದೊಡ್ಡ ಕಂಪನಿಗೆ ₹8,000), ಪರೀಕ್ಷೆಯ ಕೋರಿಕೆಯಾದ ಫಾರ್ಮ್ 18ಕ್ಕೆ ₹4,000. ಫಾರ್ಮ್ 28 ಮರೆತರೆ ದೊಡ್ಡವರ ದರವೇ.

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ, ಫಾರ್ಮ್ 18 ಕೊಡಬೇಕು. ಮೊದಲು ಇದಕ್ಕೆ 48 ತಿಂಗಳಿತ್ತು. 2024ರ ಮಾರ್ಚ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ 31 ತಿಂಗಳು ಮಾತ್ರ. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತವರ ಅರ್ಜಿ ಹಿಂಪಡೆದಂತೆ ಎಂದು ಪರಿಗಣನೆಯಾಗುತ್ತದೆ. ಲೆಕ್ಕ ಹೀಗೆ: ಪ್ರಾವಿಷನಲ್ ಹಾಕಿದ್ದು 2025ರ ಜೂನ್ 10 ಆದರೆ ಸಂಪೂರ್ಣ ಸ್ಪೆಸಿಫಿಕೇಶನ್‌ಗೆ ಕೊನೆ ದಿನ 2026ರ ಜೂನ್ 10, ಫಾರ್ಮ್ 18ಕ್ಕೆ 2028ರ ಜನವರಿ 10. ಎಣಿಕೆ ಮೊದಲ ದಿನಾಂಕದಿಂದ, ಸಂಪೂರ್ಣ ಸ್ಪೆಸಿಫಿಕೇಶನ್ ಕೊಟ್ಟ ದಿನದಿಂದ ಅಲ್ಲ.

ಆತುರವಿದ್ದರೆ ಫಾರ್ಮ್ 18ಎ ಇದೆ. ಸ್ಟಾರ್ಟಪ್, ಸಣ್ಣ ಘಟಕ, ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇರುವ ವೈಯಕ್ತಿಕ ಅರ್ಜಿ, ಇಂಥವಕ್ಕೆ ಅವಕಾಶ. ಸಣ್ಣ ಘಟಕಕ್ಕೆ ₹8,000. ಅರ್ಜಿ ಇನ್ನೂ ಪ್ರಕಟವಾಗಿರದಿದ್ದರೆ ಬೇಗ ಪ್ರಕಟಿಸಲು ಫಾರ್ಮ್ 9 ಕೂಡ ಜೊತೆಗಿರಬೇಕು, ಅದು ₹2,500. ಹಾಗೆ ಕೇಳದಿದ್ದರೆ ಪ್ರಕಟಣೆ 18 ತಿಂಗಳ ನಂತರ. ಇನ್ನೂ ಸುಧಾರಿಸುತ್ತಿರುವ ಮೆಷಿನ್ ಆದರೆ ಬೇಗ ಪ್ರಕಟಿಸಿಕೊಳ್ಳಬೇಡಿ: ನಿಮ್ಮದೇ ಪ್ರಕಟಿತ ಅರ್ಜಿ ನಿಮ್ಮ ಮುಂದಿನ ಅರ್ಜಿಗೆ ಅಡ್ಡ ಬರುತ್ತದೆ.

ವರದಿ ಬಂದಾಗ

ಮೊದಲ ಪರೀಕ್ಷಾ ವರದಿಯನ್ನು ಎಲ್ಲರೂ ಎಫ್‌ಇಆರ್ ಎನ್ನುತ್ತಾರೆ. ಅದು ಹೊರಟ ದಿನದಿಂದ ಆರು ತಿಂಗಳೊಳಗೆ ಉತ್ತರ ಹೋಗಬೇಕು. ಆ ಆರು ತಿಂಗಳು ಮುಗಿಯುವ ಮುಂಚೆಯೇ ಫಾರ್ಮ್ 4 ಕೊಟ್ಟರೆ ಇನ್ನು ಮೂರು ತಿಂಗಳು. ಸುಮ್ಮನೆ ಕೂತರೆ ಅರ್ಜಿ ಕೈಬಿಟ್ಟಂತೆ. ವರದಿ ಬರುವುದು ಇಮೇಲ್‌ಗೆ. ಅಂಗಡಿಯ ಹಳೆಯ ಇಮೇಲ್ ಕೊಟ್ಟು ಪಾಸ್‌ವರ್ಡ್ ಮರೆತರೂ ಗಡುವು ನಿಲ್ಲುವುದಿಲ್ಲ.

ವರದಿಯಲ್ಲಿ ಮೊದಲು ಸಾರಾಂಶದ ಕೋಷ್ಟಕ, ಆಮೇಲೆ ತಾಂತ್ರಿಕ ಆಕ್ಷೇಪಗಳು, ಆಮೇಲೆ ಸಹಿ-ಕಾಗದದ ಕೊರತೆಗಳು. ಕಾಗದದ ಕೊರತೆ ಒಂದು ವಾರದ ಕೆಲಸ. ತಲೆ ಖರ್ಚು ಮಾಡಬೇಕಾದದ್ದು ತಾಂತ್ರಿಕ ಭಾಗಕ್ಕೆ. ನಮ್ಮ ಯಂತ್ರಕ್ಕೆ ಬರಬಹುದಾದ ಆಕ್ಷೇಪ ಹೀಗಿರುತ್ತದೆ: ಎಕ್ಸಾಮಿನರ್ ಹುಡುಕಿದ ಹಳೆಯ ದಾಖಲೆ ಡಿ1ರಲ್ಲಿ ಹಾಪರ್, ರೋಲರ್, ಸರ್ವೊ ಗ್ಯಾಪ್ ಇರುವ ಪೇಸ್ಟಿಂಗ್ ಯಂತ್ರವಿದೆ, ಡಿ2ರಲ್ಲಿ ಹಿಟ್ಟು ಕಲಸುವ ಯಂತ್ರದ ಮೋಟರ್ ಕರೆಂಟ್ ನೋಡಿ ಹದ ಅಳೆಯುವ ವಿಧಾನವಿದೆ, ಎರಡನ್ನೂ ಜೋಡಿಸುವುದು ಕಸುಬುದಾರನಿಗೆ ಸಹಜ.

‘ನಮ್ಮದು ಬ್ಯಾಟರಿಗೆ, ಅದು ಹಿಟ್ಟಿಗೆ’ ಎಂದು ಉತ್ತರಿಸಿದರೆ ಸೋತಂತೆಯೇ. ಹದ ಎಲ್ಲ ಕಡೆಯೂ ಹದವೇ. ಉತ್ತರ ಕಾರಣದಿಂದ ಶುರುವಾಗಲಿ. ಕಲಸುವ ಪಾತ್ರೆಯಲ್ಲಿ ಹಿಟ್ಟಿನ ಪ್ರಮಾಣ ಬದಲಾಗುವುದಿಲ್ಲ, ಆದ್ದರಿಂದ ಕರೆಂಟ್ ಏರಿದರೆ ಹದ ಬಿಗಿಯಿತು ಎನ್ನಬಹುದು. ಪೇಸ್ಟಿಂಗ್ ಹಾಪರ್ ನಿರಂತರ ಖಾಲಿಯಾಗಿ ಮತ್ತೆ ತುಂಬುತ್ತದೆ. ಹೊಸ ಪೇಸ್ಟ್ ಬಿದ್ದ ಕ್ಷಣ ಟಾರ್ಕ್ ಏರುತ್ತದೆ, ಹದ ಬಿಗಿದಿರುವುದಿಲ್ಲ. ಡಿ1ಕ್ಕೆ ಡಿ2 ಸೇರಿಸಿದರೆ ಗ್ಯಾಪ್ ತಪ್ಪು ದಿಕ್ಕಿಗೆ ಹೋಗುತ್ತದೆ, ತೂಕ ಇನ್ನಷ್ಟು ಅಲುಗುತ್ತದೆ. ಸಾಕ್ಷಿ: ಕೋಷ್ಟಕದ ಮೂರನೆಯ ಓಟ. ಮಟ್ಟದ ಪಾಲು ಕಳೆಯಬೇಕೆಂದು ಎರಡರಲ್ಲಿ ಒಂದೂ ಹೇಳಿಲ್ಲ. ಇಷ್ಟು ಬರೆದು, ಲೆವೆಲ್ ಸೆನ್ಸರ್ ಇರುವ ಅವಲಂಬಿತ ಕ್ಲೇಮನ್ನು ಮೊದಲ ಕ್ಲೇಮ್‌ನೊಳಕ್ಕೆ ಎಳೆದುಕೊಳ್ಳಿ.

ಹಾಗೆ ಎಳೆದುಕೊಳ್ಳಲು ಸಾಧ್ಯವಾಗುವುದು ಅದು ಮೊದಲೇ ಬರೆದಿದ್ದರೆ ಮಾತ್ರ. ಪೇಟೆಂಟ್ ಕಾಯ್ದೆಯ ಸೆಕ್ಷನ್ 59ರ ಪ್ರಕಾರ ತಿದ್ದುಪಡಿ ಕ್ಲೇಮನ್ನು ಕಿರಿದಾಗಿಸಬಹುದು, ವಿವರಿಸಬಹುದು. ಮೂಲದಲ್ಲಿ ಇಲ್ಲದ್ದನ್ನು ತರುವ ಹಾಗಿಲ್ಲ.

ಇನ್ನೆರಡು ಆಕ್ಷೇಪ ಯಂತ್ರಗಳಿಗೆ ಪದೇ ಪದೇ ಬರುತ್ತವೆ. ಸೆಕ್ಷನ್ 3(ಎಫ್): ಗೊತ್ತಿರುವ ಸಾಧನಗಳನ್ನು ತಂದು ಅಕ್ಕಪಕ್ಕ ಇಟ್ಟಿದ್ದೀರಿ, ಪ್ರತಿಯೊಂದೂ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಇದಕ್ಕೆ ಒಂದರ ಅಳತೆ ಇನ್ನೊಂದರ ಚಲನೆಯನ್ನು ಹೇಗೆ ಬದಲಿಸುತ್ತದೆ ಎಂದು ತೋರಿಸಬೇಕು. ಕನ್ವೇಯರ್ ತುದಿಗೆ ಬಾರ್‌ಕೋಡ್ ಪ್ರಿಂಟರ್ ಸೇರಿಸಿದ್ದನ್ನೂ ಕ್ಲೇಮ್‌ಗೆ ತುರುಕಿದ್ದರೆ ತೆಗೆದುಹಾಕಿ, ಆಕ್ಷೇಪಕ್ಕೆ ಅದೇ ಆಹಾರ. ಸೆಕ್ಷನ್ 3(ಕೆ): ಇದು ಬರೀ ಕಂಪ್ಯೂಟರ್ ಪ್ರೋಗ್ರಾಂ, ಆಲ್ಗಾರಿದಂ. ಇಲ್ಲಿ ಪಿಎಲ್‌ಸಿಯ ಲೆಕ್ಕವನ್ನಷ್ಟೇ ಹೇಳದೆ, ಆ ಲೆಕ್ಕದಿಂದ ರೋಲರ್ ಎಷ್ಟು ಸರಿಯಿತು, ಪ್ಲೇಟಿನ ತೂಕ ಏನಾಯಿತು ಎಂಬವರೆಗೆ ಕ್ಲೇಮ್ ಹೋಗಬೇಕು.

ಯಂತ್ರದ ಕೆಲಸ ಮಾಡುವವರು ತಿಳಿದಿರಬೇಕಾದ ಒಂದು ತೀರ್ಪಿದೆ. ಪಾತ್ರೆಗಳನ್ನು ಲೇತ್‌ನಲ್ಲಿ ಹಿಡಿದು ಕಡೆಯುವ ಸಾಧನದ ಪೇಟೆಂಟನ್ನು ಸುಪ್ರೀಂ ಕೋರ್ಟ್ 1978ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣ ಎಂದು ಅದಕ್ಕೆ ಹೆಸರು. ಗೊತ್ತಿರುವುದರ ಮೇಲಿನ ಸುಧಾರಣೆ ವರ್ಕ್‌ಶಾಪ್ ಮಟ್ಟದ ತಿದ್ದುಪಡಿಗಿಂತ ಹೆಚ್ಚಿನದಾಗಿರಬೇಕು ಎಂಬ ಅದರ ಮಾತು ಇಂದಿಗೂ ಅಳತೆಗೋಲು. ಬೋಲ್ಟ್ ಬದಲು ಕ್ವಿಕ್ ಕ್ಲ್ಯಾಂಪ್ ಹಾಕಿದ್ದು ಅಲ್ಲಿಗೆ ಸಾಲದು.

ಉತ್ತರ ಸಾಲದೆನಿಸಿದರೆ ಅರ್ಜಿಯ ಬಗ್ಗೆ ತೀರ್ಮಾನಿಸುವ ಕಂಟ್ರೋಲರ್ ವಿಚಾರಣೆಗೆ ಕರೆಯುತ್ತಾರೆ. ಚೆನ್ನೈಗೆ ವಂದೇ ಭಾರತ್ ಹತ್ತಬೇಕಿಲ್ಲ, ವಿಡಿಯೊದಲ್ಲೇ ನಡೆಯುತ್ತದೆ. ಪೇಟೆಂಟ್ ಏಜೆಂಟ್ ಜೊತೆ ಮೆಷಿನ್ ಕಟ್ಟಿದವರೂ ಕೂರುವುದು ಒಳ್ಳೆಯದು. ಹಾಪರ್ ತುಂಬಿದಾಗ ಟಾರ್ಕ್ ಏಕೆ ಜಿಗಿಯುತ್ತದೆ ಎಂಬುದನ್ನು ಅವರಷ್ಟು ಚುಟುಕಾಗಿ ಯಾರೂ ಹೇಳಲಾರರು. ಮುಂದೂಡಬೇಕಾದರೆ ಮೂರು ದಿನ ಮುಂಚೆ ಕೇಳಬೇಕು, ಅದೂ ಎರಡೇ ಬಾರಿ, ಪ್ರತಿ ಸಲ 30 ದಿನ ಮೀರದಂತೆ. ವಿಚಾರಣೆಯಲ್ಲಿ ಹೇಳಿದ್ದನ್ನು 15 ದಿನದೊಳಗೆ ಲಿಖಿತವಾಗಿ ಕೊಡಬೇಕು. ತಿರಸ್ಕಾರವಾದರೆ ಮೂರು ತಿಂಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ.

ಮಂಜೂರಾದರೆ ಅವಧಿ ಅರ್ಜಿಯ ದಿನದಿಂದ 20 ವರ್ಷ. ನವೀಕರಣ ಶುಲ್ಕ ಮೂರನೇ ವರ್ಷದಿಂದ ಎಣಿಕೆಯಾಗುತ್ತದೆ. ಪರೀಕ್ಷೆ ನಡೆಯುತ್ತಿದ್ದಾಗ ಕಳೆದ ವರ್ಷಗಳ ಬಾಕಿಯನ್ನು ಪೇಟೆಂಟ್ ನೋಂದಣಿ ಪುಸ್ತಕಕ್ಕೆ ಏರಿದ ಮೂರು ತಿಂಗಳೊಳಗೆ ಒಟ್ಟಿಗೆ ಕಟ್ಟಬೇಕು. ಆ ಪೇಟೆಂಟ್ ಭಾರತದಲ್ಲಿ ಬಳಕೆಯಲ್ಲಿದೆಯೇ ಎಂದು ತಿಳಿಸುವ ಫಾರ್ಮ್ 27 ಈಗ ಪ್ರತಿ ವರ್ಷ ಬೇಡ, ಮೂರು ಹಣಕಾಸು ವರ್ಷಕ್ಕೊಮ್ಮೆ ಸಾಕು.