ಪದ್ಮಿನಿ ಬಾಗಿಲಿಗೆ ಪಾಲಿಹೌಸ್ ಹಾಳೆ: ನನ್ನ ಅನುಭವ

ಕಾರಿನ ಬಾಗಿಲೊಳಗೆ ನೀರೇ ಇಳಿಯದಂತೆ ಮಾಡುತ್ತೇನೆ ಅಂತ ಹೊರಟವರು ಯಾರೂ ಗೆದ್ದಿಲ್ಲ. ಗ್ಲಾಸು ಮೇಲೆ ಕೆಳಗೆ ಓಡಾಡುವ ತನಕ ಗ್ಲಾಸಿಗೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗಿನ ಸಂದಿಯಿಂದ ನೀರು ಇಳಿದೇ ಇಳಿಯುತ್ತದೆ. ಪ್ರೀಮಿಯರ್ ಪದ್ಮಿನಿಗಂತೂ ಮುಂದಿನ ತ್ರಿಕೋನ ಗ್ಲಾಸಿನ ರಬ್ಬರ್ ಬೇರೆ ಇದೆ, ಹೊಸದು ಹಾಕಿದರೂ ಅಲ್ಲಿ ಜಿನುಗುವುದು ನಿಲ್ಲುವುದಿಲ್ಲ. ಇಳಿದ ನೀರು ತಳದ ತೂತಿನಿಂದ ಹೊರಗೆ ಬೀಳಬೇಕು, ಬಾಗಿಲ ಒಳಮೈಗೆ ಹೊದಿಸಿದ ಡೋರ್ ಪ್ಯಾಡಿಗೆ ತಾಗಬಾರದು. ಬಾಗಿಲ ತಗಡಿಗೂ ಪ್ಯಾಡಿಗೂ ನಡುವೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯ ಕೆಲಸ ಇಷ್ಟೇ. ಆದರೆ ಬೆಳಗಾವಿಯ ಯಾವ ಕುಶನ್ ಅಂಗಡಿಯಲ್ಲಿ ಹೇಳಿದರೂ ಬರುತ್ತಿದ್ದ ಉತ್ತರ ಒಂದೇ: "ಹಳೇ ಗಾಡಿ ಐತ್ರಿ, ಪ್ಲಾಸ್ಟಿಕ್ ಬಡದ್ರ ಒಳಗ ಬೆವತು ಇನ್ನಷ್ಟ ಜಂಗ ಹಿಡೀತೈತಿ." ಕಳೆದ ಮಳೆಗಾಲ ಪೂರ್ತಿ ಓಡಿಸಿ, ಪ್ಯಾಡ್ ಬಿಚ್ಚಿ ಅವರಿಗೇ ತೋರಿಸಿದ ಮೇಲೆ ಈ ಮಾತು ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎಂಬತ್ತರ ದಶಕದ ಗಾಡಿ. ಪ್ಯಾಡ್ ಅಂದರೆ ಹಾರ್ಡ್‌ಬೋರ್ಡ್ ಮೇಲೆ ರೆಕ್ಸಿನ್. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಒಣಗುವುದೇ ಕಡಿಮೆ. ಬೋರ್ಡಿನ ಕೆಳ ಅಂಚು ಉಬ್ಬಿ, ಕ್ಲಿಪ್ ಕಿತ್ತು, ರೆಕ್ಸಿನ್ ಸುರುಳಿ ಸುತ್ತಿಕೊಳ್ಳುತ್ತಿತ್ತು. ನಾಲ್ಕೂ ಬಾಗಿಲಿಗೆ ಹೊಸ ಪ್ಯಾಡ್ ಕಟ್ಟಿಸಲು ಸುಮಾರು ನಾಲ್ಕೈದು ಸಾವಿರ ಕೊಟ್ಟಿದ್ದೆ, ಕೆಲವೇ ವರ್ಷದಲ್ಲಿ ಮತ್ತೆ ಅಷ್ಟೇ. ಆಮೇಲಾದರೂ ಕೈ ಕಟ್ಟಿ ಕೂರುವುದು ಹೇಗೆ?

ಮೊದಲು ಕುಶನ್‌ನವನೇ ತೆಳು ಪಾಲಿಥೀನ್ ಹಾಳೆಗೆ ಸೋಫಾ ಅಂಟು ಬಳಿದು ಅಂಟಿಸಿಕೊಟ್ಟ. ಪಾಲಿಥೀನ್ ಯಾವ ಸಾದಾ ಅಂಟನ್ನೂ ಹಿಡಿಯುವುದಿಲ್ಲ. ದಸರಾ ಹೊತ್ತಿಗೆ ಹಾಳೆ ಕಳಚಿ ಬಾಗಿಲ ತಳಕ್ಕೆ ಬಿದ್ದು ನೀರಿನ ತೂತನ್ನೇ ಮುಚ್ಚಿತ್ತು. ಬಾಗಿಲು ತೆಗೆದರೆ ಒಳಗೆ ಗುಳುಗುಳು ಸದ್ದು. ಹಾಳೆ ಹಾಕದೇ ಇದ್ದಿದ್ದರೆ ಅಷ್ಟು ಕೆಡುತ್ತಿರಲಿಲ್ಲ.

ಆಮೇಲೆ ಸಿಲಿಕೋನ್. ಹಿಡಿತಕ್ಕೆ ತಕರಾರಿಲ್ಲ. ಆದರೆ ವಿನೆಗರ್ ವಾಸನೆ ಹೊಡೆಯುವ ಜಾತಿ ಒಣಗುವಾಗ ಆಮ್ಲ ಬಿಡುತ್ತದೆ, ಬಣ್ಣ ಕೆರೆದ ಕಡೆಯೆಲ್ಲ ತಗಡಿಗೆ ಕಂದು ಗೆರೆ ಮೂಡಿತು. ವಾಸನೆ ಇಲ್ಲದ ಜಾತಿಯೂ ಸಿಗುತ್ತದೆ, ಆದರೆ ಪೇಂಟರ್ ಕಂಡರೆ ಬೈಯುತ್ತಾನೆ. ಸಿಲಿಕೋನ್ ಜಿಡ್ಡು ಉಳಿದ ತಗಡಿನ ಮೇಲೆ ಬಣ್ಣ ಕೂರದೆ ಚುಕ್ಕೆ ಚುಕ್ಕೆ ಕುಳಿ ಬೀಳುತ್ತದೆ. ಮೇಲಾಗಿ ಗ್ಲಾಸ್ ಏರಿಸಿ ಇಳಿಸುವ ಮಷಿನ್ ಕೆಟ್ಟರೆ ಹಾಳೆ ಹರಿಯದೆ ಬಾಗಿಲು ಬಿಚ್ಚಲಾಗದು. ಎರಡೂ ಬದಿ ಅಂಟುವ ಫೋಮ್ ಟೇಪಿನ ಬಗ್ಗೆ ಹೇಳುವಂಥದ್ದೇನಿಲ್ಲ, ನೀರು ಕುಡಿದು ಜಾರಿತು.

ಬ್ಯುಟೈಲ್ ಟೇಪ್ ಕಂಡಿದ್ದು ಉದ್ಯಮಬಾಗ್‌ನಲ್ಲಿ, ಒಂದು ಫೌಂಡ್ರಿಯ ಪತ್ರಾಸ್ (ಚಾವಣಿ ತಗಡು) ಶೆಡ್ ಕಟ್ಟುವಾಗ. ಪತ್ರಾಸ್ ಒಂದರ ಮೇಲೊಂದು ಬರುವ ಕಡೆ ಕರಿ ಜಿಗುಟು ಪಟ್ಟಿ ಇಡುತ್ತಿದ್ದರು. ಫಿಟ್ಟರ್ ಹತ್ತಿರ ಗೇಣುದ್ದ ತುಂಡು ಕೇಳಿ ತಂದು ಪಾಲಿಥೀನಿಗೆ ಒತ್ತಿದೆ, ಹಿಡಿಯಿತು. ಇದು ಅಂಟಿನ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ಬೇಕಾದಾಗ ಎಳೆದು ಬಿಚ್ಚಬಹುದು, ಮತ್ತೆ ಒತ್ತಬಹುದು. ರೋಲಿಗೆ ನಾನೂರೋ ಐನೂರೋ ಕೊಟ್ಟ ನೆನಪು. ನಾಲ್ಕು ಬಾಗಿಲಿಗೆ ಎರಡು ರೋಲ್ ಸಾಕು, ಸ್ವಲ್ಪ ಉಳಿಯುತ್ತದೆ.

ಹಾಳೆಗೆ ಪಾಲಿಹೌಸ್ (ಒಳಗೆ ಬೆಳೆ ಬೆಳೆಯುವ ಪ್ಲಾಸ್ಟಿಕ್ ಮನೆ) ಮೇಲೆ ಹೊದಿಸುವ 200 ಮೈಕ್ರಾನ್ ಫಿಲ್ಮ್. ಡೊಣ್ಣ ಮೆಣಸಿನಕಾಯಿ ಬೆಳೆಯುವ ನಮ್ಮ ಮಾವನವರ ಹತ್ತಿರ ಹೊಸ ಫಿಲ್ಮಿನ ತುಂಡು ಬಿದ್ದಿತ್ತು, ಪುಕ್ಕಟೆ ಸಿಕ್ಕಿತು. ಬಿಸಿಲಲ್ಲಿ ವರ್ಷಗಟ್ಟಲೆ ಇದ್ದ ಹಳೇ ಫಿಲ್ಮ್ ಬೇಡ, ಮಡಿಚಿದಲ್ಲಿ ಸೀಳುತ್ತದೆ. ಕೃಷಿಹೊಂಡದ 500 ಮೈಕ್ರಾನ್ ಹಾಳೆಯನ್ನೂ ನೋಡಿದೆ. ದಪ್ಪ ಇದ್ದಷ್ಟೂ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ತಗಡಿನ ತಗ್ಗು ದಿಣ್ಣೆಗೆ ಬಾಗದೆ ಎದ್ದು ನಿಲ್ಲುತ್ತದೆ, ಮೂಲೆಯಲ್ಲಿ ಬ್ಯುಟೈಲನ್ನೇ ಕಿತ್ತುಹಾಕುತ್ತದೆ.

ಹಾಳೆ ಕೂರಿಸುವ ಮೊದಲು ಬಾಗಿಲ ತಳದ ತೂತುಗಳನ್ನು ಸ್ಕೂಟರಿನ ಹಳೇ ಬ್ರೇಕ್ ಕೇಬಲಿನಿಂದ ಚುಚ್ಚಿ ತೆರೆದೆ. ಗ್ಲಾಸ್ ಮೇಲಿಂದ ಒಂದು ತಂಬಿಗೆ ನೀರು ಹೊಯ್ದರೆ ಕೆಳಗೆ ಧಾರೆಯಾಗಿ ಬರಬೇಕು, ತೊಟ್ಟಿಕ್ಕಿದರೆ ಇನ್ನೂ ಕೆಸರಿದೆ ಅಂತಲೇ ಲೆಕ್ಕ. ಆಮೇಲೆ ಥಿನ್ನರ್ ಬಟ್ಟೆಯಿಂದ ತಗಡು ಒರೆಸಿ, ಪ್ಯಾಡನ್ನೇ ಹಾಳೆ ಮೇಲಿಟ್ಟು ಕೊರೆದೆ. ತಳದಲ್ಲಿ ಮಾತ್ರ ನಾಲ್ಕು ಬೆರಳಷ್ಟು ಹೆಚ್ಚಿಗೆ ಬಿಟ್ಟೆ.

ಆ ಹೆಚ್ಚಿನ ತುದಿಯದೇ ಎಲ್ಲ ಆಟ. ಎಲ್ಲರೂ ಹಾಳೆಯ ಕೆಳ ಅಂಚನ್ನು ತಗಡಿನ ಮುಖಕ್ಕೆ ಅಂಟಿಸುತ್ತಾರೆ. ಆಗ ಹಾಳೆ ಮೇಲೆ ಇಳಿದ ನೀರು ಅಲ್ಲೇ ನಿಂತು, ಅಂಟು ಎಲ್ಲಿ ಸೋತಿದೆಯೋ ಅಲ್ಲಿಂದ ಪ್ಯಾಡಿಗೆ ಬರುತ್ತದೆ. ಖಾನಾಪುರ ಕಡೆಯ ಮನೆಗಳಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ನೀರು ಬಿಡುವ ಹಾಗೆ ಈ ತುದಿ ಬಾಗಿಲಿನೊಳಗೆ ನೀರು ಬಿಡಬೇಕು. ಅದಕ್ಕೇ ತುದಿಯನ್ನು ಒಳ ತಗಡಿನ ಕೆಳಭಾಗದ ದೊಡ್ಡ ಕಿಂಡಿಯಿಂದ ಒಳಗೆ ತೂರಿಸಿ ಇಳಿಬಿಟ್ಟೆ. ಬ್ಯುಟೈಲ್ ಎರಡೂ ಪಕ್ಕ ಮತ್ತು ಮೇಲೆ ಎಲ್ಲೂ ತುಂಡಾಗದೆ ಓಡಬೇಕು. ತಳದ ಕ್ಲಿಪ್ ತೂತುಗಳಿಗೆ ಒಂದೊಂದು ಚಿಟಿಕೆ. ತಂಪು ಹೊತ್ತಿನಲ್ಲಿ ಹೇರ್ ಡ್ರೈಯರ್ ತೋರಿಸಿ ಬೆರಳಿನಿಂದ ತೀಡಿದರೆ ಕಚ್ಚಿಕೊಳ್ಳುತ್ತದೆ. ಬಿಚ್ಚುವುದಿದ್ದರೆ ಮುಂಜಾನೆ ಬಿಚ್ಚಿ, ಮಧ್ಯಾಹ್ನದ ಕಾವಿಗೆ ನೂಲು ನೂಲಾಗಿ ಎಳೆಯುತ್ತದೆ. ತಗಡಿಗೆ ಉಳಿದ ಕರಿ ಅಂಟನ್ನು ಇನ್ನೊಂದು ಬ್ಯುಟೈಲ್ ಉಂಡೆಯಿಂದಲೇ ಒತ್ತಿ ಎತ್ತಬಹುದು.

ಗ್ಲಾಸ್ ಇಳಿಸುವ ಹ್ಯಾಂಡಲಿನ ಶಾಫ್ಟ್ ಹೊರಬರುವ ಕಡೆ ಹಾಳೆ ಹೇಗೆ ಕೊಯ್ಯುತ್ತೇನೆ, ಸುತ್ತ ಏನು ಕೂರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ದುಂಡಗೆ ಕೊಯ್ದರೆ ಸೋರುತ್ತದೆ ಅಂತಷ್ಟೇ ಹೇಳುತ್ತೇನೆ.

ನಡುವೆ ಪಾಲಿಥೀನ್ ಅಂಚಿಗೆ ಬ್ಲೋ ಟಾರ್ಚ್ ಜ್ವಾಲೆ ಸರಕ್ಕನೆ ಆಡಿಸಿ ಸೋಫಾ ಅಂಟನ್ನೂ ಪ್ರಯತ್ನಿಸಿದೆ. ನಿಜಕ್ಕೂ ಮೊದಲಿಗಿಂತ ಚೆನ್ನಾಗಿ ಹಿಡಿಯಿತು! ಆದರೆ ಕೈ ಕ್ಷಣ ತಡೆದರೆ ಹಾಳೆ ಮುದುಡುತ್ತದೆ, ಗ್ಯಾರೇಜಿನಲ್ಲಿ ಥಿನ್ನರ್ ಇಟ್ಟುಕೊಂಡು ಆ ಆಟ ಬೇಡ. ಶೆಡ್ಡಿನ ಚಾವಣಿ ಕೆಳಗೆ ಹೊಡೆಯುವ ಬೆಳ್ಳಿ ಬಣ್ಣದ ಹಾಳೆಯ ಫೋಮ್ ಹಾಕಿದರೆ ಬಾಗಿಲು ಮುಚ್ಚುವ ಸದ್ದು ಹೊಸ ಗಾಡಿಯಂತಾಗುತ್ತದೆ, ಆದರೆ ಪ್ಯಾಡ್ ಕೂರುವುದಿಲ್ಲ, ಕ್ಲಿಪ್ ಕಚ್ಚುವುದಿಲ್ಲ.

ಹಾಳೆಗೂ ಪ್ಯಾಡಿಗೂ ನಡುವೆ ಹಳೇ ಪೇಪರ್ ಇಟ್ಟು ಜುಲೈನಲ್ಲಿ ಚೋರ್ಲಾ ಘಾಟ್ ಹತ್ತಿ ಇಳಿದು ಬಂದೆ. ಪೇಪರ್ ಗರಿಗರಿ. ಎಡ ಮುಂದಿನ ಬಾಗಿಲಲ್ಲಿ ಮಾತ್ರ ಲಾಕಿನ ಸರಳಿನ ಹತ್ತಿರ ರೂಪಾಯಿ ಅಗಲದ ಒದ್ದೆ ಗುರುತು, ಅಲ್ಲಿಗೆ ಇನ್ನೊಂದು ಪಟ್ಟಿ ಹಾಕಿದೆ. ಬೆವರಿನ ಮಾತೂ ಮುಗಿಯಿತು. ಬೆವರುವುದು ಹೊರ ತಗಡು, ಆ ನೀರೂ ಅದೇ ತಳದ ತೂತಿನಿಂದ ಹೋಗುತ್ತದೆ. ಪ್ಲಾಸ್ಟಿಕ್ ಬೇಡ ಅಂದಿದ್ದ ಕುಶನ್‌ನವನು ಈಗ "ಸರ್, ಅದು ಕರಿ ಪಟ್ಟಿ ಎಲ್ಲಿ ಸಿಗತೈತ್ರಿ" ಅಂತ ಫೋನ್ ಮಾಡುತ್ತಾನೆ. ಎಲ್ಲ ಸೇರಿ ಖರ್ಚು ಸಾವಿರದ ಆಸುಪಾಸು.

ವಿಜಯಪುರದ ಗೆಳೆಯ ಅಲ್ಲಿ ಮಳೆಯೇ ಇಲ್ಲ ಅಂತ ನಕ್ಕ, ಆಮೇಲೆ ಧೂಳಿಗೆಂದು ತಾನೂ ಹಾಕಿಸಿಕೊಂಡ. ಅಲ್ಲಿನ ಏಪ್ರಿಲ್ ಕಾವಿಗೆ ದಪ್ಪ ಬ್ಯುಟೈಲ್ ಸ್ವಲ್ಪ ಇಳಿಯುತ್ತದೆ, ತೆಳು ಪಟ್ಟಿಯೇ ವಾಸಿ. ಅವನ ಅಂಬಾಸಿಡರ್ ಬಾಗಿಲಲ್ಲಿ ಸ್ಪೀಕರ್ ಬೇರೆ ಇತ್ತು. ಸ್ಪೀಕರಿನ ಹಿಂದೆ ಹಾಳೆಯನ್ನು ಚೀಲದಂತೆ ಸಡಿಲ ಬಿಟ್ಟು ನೋಡಿದೆವು, ಡೊಳ್ಳಿನ ಹಾಡು ಹಾಕಿದ ಕೂಡಲೇ ಹಾಳೆ ಪಟಪಟ ಬಡಿಯತೊಡಗಿತು. ಸದ್ಯ ಸ್ಪೀಕರನ್ನು ಡ್ಯಾಶ್ ಬೋರ್ಡ್ ಕೆಳಗೆ ಕೂರಿಸಿದ್ದೇವೆ.